ಬಾಳೆಹಣ್ಣು ತಿಂದರೆ ಖಿನ್ನತೆ ಹೋದೀತೆ?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದರು ಹಿರಿಯರು. ಈಗಿನ ಅಂತರ್ಜಾಲದ ಸುದ್ದಿತಾಣಗಳು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿವೆ. ‘ಬಾಳೆಹಣ್ಣು ತಿನ್ನಿ, ಖಿನ್ನತೆ ಓಡಿಸಿ’, ‘ಈ ಐದು ಪದಾರ್ಥ ತಿಂದರೆ ಚಿಂತೆ ಮಾಯ’ ಎಂಬಂಥ ತಲೆಬರಹಗಳು ಮೊಬೈಲ್ ತೆರೆದವರ ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಬಾಳೆಹಣ್ಣಿನ ಮಾತು ಬಂದರೆ ಕಲಬುರಗಿಯವರ ಕಿವಿ ನಿಮಿರುವುದು ಸಹಜ. ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು. ರುಚಿಯಂತೆ ಬೆಲೆಯೂ ಹೆಚ್ಚು. ಅದರಿಂದ ಮನಸ್ಸಿನ ಕಾಯಿಲೆಯೂ ವಾಸಿಯಾಗುವುದಾದರೆ ಯಾರಿಗೆ ತಾನೆ ಬೇಡ?

ಸುದ್ದಿಯ ಮೂಲ ಇಷ್ಟು: ಮಿದುಳಿನಲ್ಲಿ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕಕ್ಕೂ ಮನಸ್ಸಿನ ಸ್ಥಿತಿಗೂ ಸಂಬಂಧವಿದೆ. ಬಾಳೆಹಣ್ಣಿನಲ್ಲೂ ಸೆರೊಟೋನಿನ್ ಇದೆ. ಎರಡೂ ನಿಜ. ಆದರೆ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆಯಿದೆ. ಹಣ್ಣಿನ ಸೆರೊಟೋನಿನ್ ಅದನ್ನು ದಾಟಲಾರದು. ಹಣ್ಣು ಒಳ್ಳೆಯದೇ, ಆದರೆ ಔಷಧವಲ್ಲ.

ಹಾಗಾದರೆ ಊಟಕ್ಕೂ ಮನಸ್ಸಿಗೂ ನಂಟೇ ಇಲ್ಲವೇ? ಖಂಡಿತ ಇದೆ. ಅದಕ್ಕೆ ಸಾಕ್ಷಿ ನಮ್ಮ ದಖ್ಖನ್ ಸೀಮೆಯಲ್ಲೇ ಸಿಕ್ಕಿತ್ತು. ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರು ಜೋಳವನ್ನೇ ನಂಬಿ ಬದುಕುವ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರ ರೋಗದ ಬಗ್ಗೆ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯಿಂದ ಬರುವ ಈ ರೋಗದಲ್ಲಿ ಬಿಸಿಲು ತಾಗಿದ ಚರ್ಮ ಕಪ್ಪಿಡುತ್ತದೆ, ಭೇದಿಯಾಗುತ್ತದೆ, ಮನಸ್ಸು ಮಂಕಾಗುತ್ತದೆ, ಬುದ್ಧಿ ಭ್ರಮಿಸುವುದೂ ಉಂಟು. ನಯಾಸಿನ್ ಕೊಟ್ಟರೆ ರೋಗಿ ಚೇತರಿಸಿಕೊಳ್ಳುತ್ತಾನೆ. ಜೋಳದಲ್ಲಿರುವ ಲ್ಯೂಸಿನ್ ಇದಕ್ಕೆ ಕಾರಣ ಎಂಬ ಅವರ ವಾದ ಮುಂದೆ ಚರ್ಚೆಗೊಳಗಾಯಿತು. ಆದರೆ ರೊಟ್ಟಿಯ ಜೊತೆ ಬೇಳೆ, ಪಲ್ಯ, ಹಾಲು ಇದ್ದ ಮನೆಗಳಿಗೆ ಈ ರೋಗದ ಭಯವಿರಲಿಲ್ಲ. ತಪ್ಪು ರೊಟ್ಟಿಯದಲ್ಲ, ಬರಿದಾದ ತಟ್ಟೆಯದು!

ಈಚಿನ ಸಂಶೋಧನೆಯೂ ಬೊಟ್ಟು ಮಾಡುವುದು ಇಡೀ ಊಟದ ಕಡೆಗೇ. ಆಸ್ಟ್ರೇಲಿಯಾದಲ್ಲಿ ಖಿನ್ನತೆಯಿಂದ ಬಳಲುತ್ತಿದ್ದ 67 ಜನರ ಮೇಲೆ 12 ವಾರ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತರಕಾರಿ, ಹಣ್ಣು, ಕಾಳು, ಇಡಿಧಾನ್ಯ, ಮೀನಿನ ಊಟಕ್ಕೆ ಹೊರಳಿದ ಗುಂಪಿನಲ್ಲಿ ಸುಮಾರು ಮೂರನೇ ಒಂದರಷ್ಟು ಜನ ಖಿನ್ನತೆಯಿಂದ ಹೊರಬಂದರು. ಇನ್ನೊಂದು ಗುಂಪಿನಲ್ಲಿ ಶೇ 8ರಷ್ಟು ಮಾತ್ರ. ಆದರೆ ಅವರಲ್ಲಿ ಬಹುಪಾಲು ಜನ ಗುಳಿಗೆಯನ್ನೋ ಆಪ್ತ ಸಮಾಲೋಚನೆಯನ್ನೋ ಮೊದಲಿನಿಂದ ಪಡೆಯುತ್ತಿದ್ದವರು. ಇನ್ನು 2019ರಲ್ಲಿ ಯೂರೋಪಿನ ನಾಲ್ಕು ದೇಶಗಳ 1,025 ಜನರ ಅಧ್ಯಯನ ಪ್ರಕಟವಾಯಿತು. ಪೋಷಕಾಂಶದ ಗುಳಿಗೆಗಳು ಖಿನ್ನತೆಯನ್ನು ತಡೆಯಲಿಲ್ಲ ಎಂಬುದು ಅದರ ಫಲಿತಾಂಶ.

ತಲೆಬರಹದಲ್ಲಿ ಈ ‘ಆದರೆ’ಗಳಿಗೆ ಜಾಗವಿರುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಸುದ್ದಿ ನಂಬಿ ನಾಲ್ಕು ಹಣ್ಣು ಹೆಚ್ಚು ತಿಂದರೆ ನಷ್ಟವೇನಿಲ್ಲ. ವೈದ್ಯರು ಕೊಟ್ಟ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸೀತು.

ಆದ್ದರಿಂದ ಇಂಥ ಸುದ್ದಿ ಓದುವಾಗ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಪ್ರಯೋಗ ನಡೆದದ್ದು ಇಲಿಗಳ ಮೇಲೋ, ಮನುಷ್ಯರ ಮೇಲೋ? ಎಷ್ಟು ಜನ, ಎಷ್ಟು ದಿನ? ಅವರು ಬೇರೆ ಚಿಕಿತ್ಸೆಯನ್ನೂ ಪಡೆಯುತ್ತಿದ್ದರೇ? ಊಟ ಕೆಟ್ಟು ಮನಸ್ಸು ಕೆಟ್ಟಿತೋ, ಮನಸ್ಸು ಕೆಟ್ಟು ಊಟ ಸೇರದಾಯಿತೋ?

ಎರಡು ವಾರ ಕಳೆದರೂ ಮನಸ್ಸಿನ ಭಾರ ಇಳಿಯದಿದ್ದರೆ ವೈದ್ಯರನ್ನು ಕಾಣಿ. ಬಿ12 ಜೀವಸತ್ವದ ಕೊರತೆಯೋ ಥೈರಾಯ್ಡ್ ತೊಂದರೆಯೋ ಇದ್ದರೆ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. 2022ರಲ್ಲಿ ಆರಂಭವಾದ ‘ಟೆಲಿ-ಮನಸ್’ ಸಹಾಯವಾಣಿಯೂ (14416) ಇದೆ. ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಕಮಲಾಪುರದ ಬಾಳೆಯನ್ನು ಧಾರಾಳವಾಗಿ ತಿನ್ನಿ, ರೊಟ್ಟಿಗೆ ತೊಗರಿಬೇಳೆ, ಸೊಪ್ಪಿನ ಪಲ್ಯ ಜೊತೆಗಿರಲಿ. ಗುಳಿಗೆಯನ್ನು ಮಾತ್ರ ವೈದ್ಯರು ಹೇಳದೆ ಬಿಡಬೇಡಿ.