ಕಠಿನವಾದ ಆಟದಲ್ಲಿ ಮೊದಲ ನೂರು ಸರದಿಗಳು

ದುಡಿಮೆಯು ಹೇಗೆ ಮನುಷ್ಯನಿಗೆ ಅವಶ್ಯವೋ ವಿನೋದವೂ ಹಾಗೆಯೇ ಅವಶ್ಯವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಮಳೆಗಾಲದ ಮಧ್ಯಾಹ್ನಗಳಲ್ಲಿ ಅಜ್ಜಿಯರು ಅಳಗುಳಿಮಣೆಯನ್ನು ಮುಂದಿಟ್ಟುಕೊಂಡು ಹುಣಿಸೇಬೀಜಗಳನ್ನು ಎಣಿಸಿ ಹಂಚುತ್ತಿದ್ದರು. ಪಗಡೆ, ಚೌಕಾಬಾರ, ಚದುರಂಗಗಳೂ ಮನೆಗಳಲ್ಲಿ ಇದ್ದವು. ಈಗಿನ ಮಕ್ಕಳ ಆಟವು ಬಹುಮಟ್ಟಿಗೆ ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತದೆ. ಇವುಗಳಲ್ಲಿ ಚರಿತ್ರೆಯನ್ನೇ ವಸ್ತುವಾಗಿ ಉಳ್ಳ ರಾಜ್ಯತಂತ್ರದ ಆಟಗಳೆಂಬ ಒಂದು ವರ್ಗವುಂಟು. ಸುಲಭವಾದ ಮೆಟ್ಟಿಲಿನಲ್ಲಿ ಹಲವು ಸಾರಿ ಗೆದ್ದ ಹುಡುಗಿಯು ಕಡುಕಠಿನವಾದ ಮೆಟ್ಟಿಲಿಗೆ ಏರಿದೊಡನೆ, ಗಂಟೆಯೊಂದು ಕಳೆಯುವುದರೊಳಗೆ ರಾಜಧಾನಿಯನ್ನು ಕಳೆದುಕೊಂಡು, "ಇದಕ್ಕೆ ಬೇಕಾದ ಬುದ್ಧಿ ನನಗಿಲ್ಲ" ಎಂದು ಎದ್ದುಬಿಡುವುದನ್ನು ಪಾಲಕರಲ್ಲಿ ಕೆಲವರಾದರೂ ಕಂಡಿರಬಹುದು. ಆ ಮಾತು ನಿಜವೋ ಅಲ್ಲವೋ ಎಂಬುದನ್ನು ವಿಚಾರಿಸಿ, ಅಂಥ ಆರಂಭವನ್ನು ದಾಟುವ ಬಗೆಯನ್ನು ವಿವರಿಸುವುದೇ ನಮ್ಮ ಈ ಲೇಖನದ ಉದ್ದೇಶವು.

ಉದಾಹರಣೆಗಾಗಿ ನಾವು 'ಸಿವಿಲೈಜೇಶನ್' ಎಂಬ ಪ್ರಸಿದ್ಧವಾದ ಆಟವನ್ನು ತೆಗೆದುಕೊಳ್ಳುವೆವು. ಅಮೇರಿಕದ ಸಿಡ್ ಮೈಯರ್ ಎಂಬವರ ಹೆಸರಿನಿಂದ ಇದು 1991ರಲ್ಲಿ ಮೊದಲು ಹೊರಬಂದಿತು. ಇದರ ಆರನೆಯ ಆವೃತ್ತಿಯು 2016ರಲ್ಲಿಯೂ ಏಳನೆಯದು 2025ರಲ್ಲಿಯೂ ಪ್ರಕಟವಾದವು. ನಾವು ಇಲ್ಲಿ ಹೇಳುವುದೆಲ್ಲವೂ ಆರನೆಯದಕ್ಕೆ ಸಂಬಂಧಪಟ್ಟದ್ದು. ಆಟವು ಕ್ರಿ. ಪೂ. 4000ದಲ್ಲಿ ಆರಂಭವಾಗುತ್ತದೆ. ಆಡುವವಳ ಕೈಯಲ್ಲಿ ಊರನ್ನು ಕಟ್ಟಲು ಹೊರಟ ಒಂದು ಜನರ ತಂಡವೂ ಒಬ್ಬ ಯೋಧನೂ ಹೊರತು ಬೇರೇನೂ ಇರುವುದಿಲ್ಲ. ಚದುರಂಗದಲ್ಲಿ ಇದ್ದಂತೆ ಇಲ್ಲಿಯೂ ಒಬ್ಬರಾದ ಮೇಲೆ ಒಬ್ಬರಿಗೆ ಸರದಿ ಬರುತ್ತದೆ. ಸಾಮಾನ್ಯ ವೇಗದ ಆಟಕ್ಕೆ 500 ಸರದಿಗಳು. ಆದರೆ ಕಠಿನವಾದ ಮೆಟ್ಟಿಲಿನಲ್ಲಿ ಅಳಿವು ಉಳಿವುಗಳು ಮೊದಲ ನೂರರೊಳಗೇ ಬಹುಮಟ್ಟಿಗೆ ತೀರ್ಮಾನವಾಗುತ್ತವೆ.

ಕಾಠಿನ್ಯದ ಮೆಟ್ಟಿಲುಗಳು ಎಂಟು. ಕೆಳಗಿನಿಂದ ನಾಲ್ಕನೆಯದಾದ 'ಪ್ರಿನ್ಸ್' ಎಂಬಲ್ಲಿ ಆಡುವವಳಿಗೂ ಯಂತ್ರವು ಆಳುವ ರಾಜ್ಯಗಳಿಗೂ ಸಮಾನವಾದ ಸೌಕರ್ಯವಿರುತ್ತದೆ. ಎಲ್ಲಕ್ಕೂ ಮೇಲಿನದು 'ಡೀಟಿ' ಎಂಬುದು. ಅಲ್ಲಿ ಆಡುವವಳಿಗೆ ಒಂದೇ ತಂಡವಿರುವಾಗ ಎದುರಾಳಿ ರಾಜ್ಯಗಳಿಗೆ ಒಂದೊಂದಕ್ಕೆ 3 ತಂಡಗಳು, 5 ಯೋಧರು. ಅಂದರೆ ಒಂದು ಊರಿಗೆ ಎದುರಾಗಿ ಮೂರು ಊರುಗಳು. ಇದಲ್ಲದೆ ಅವುಗಳ ಉತ್ಪತ್ತಿಗೂ ಹೊನ್ನಿಗೂ ನೂರಕ್ಕೆ 80ರಷ್ಟು, ವಿದ್ಯೆ ಸಂಸ್ಕೃತಿಗಳಿಗೆ ನೂರಕ್ಕೆ 32ರಷ್ಟು ಹೆಚ್ಚಳವನ್ನು ಕೊಟ್ಟಿರುತ್ತಾರೆ. ಕಾಳಗದಲ್ಲಿ ಅವುಗಳ ಪ್ರತಿಯೊಂದು ಪಡೆಗೂ 4 ಅಂಶಗಳ ಅಧಿಕಬಲವುಂಟು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ಮೆಟ್ಟಿಲು ಏರಿದ ಹಾಗೆಲ್ಲ ಯಂತ್ರದ ಬುದ್ಧಿಯು ಏರುವುದಿಲ್ಲ. ಪ್ರಿನ್ಸಿನಲ್ಲಿ ಹೇಗೆ ಯೋಚಿಸುತ್ತಿತ್ತೋ ಡೀಟಿಯಲ್ಲಿಯೂ ಹಾಗೆಯೇ ಯೋಚಿಸುತ್ತದೆ. ಅದರ ಬಂಡವಾಳವು ಮಾತ್ರ ಹೆಚ್ಚಾಗಿರುತ್ತದೆ. ಅಳಗುಳಿಮಣೆಯಲ್ಲಿ ಎರಡು ಕಡೆಯ ಗುಳಿಗಳಲ್ಲಿಯೂ ಸಮನಾಗಿ ಬೀಜಗಳನ್ನು ತುಂಬಿ ಆಟವನ್ನು ಹೂಡುತ್ತೇವಷ್ಟೆ. ಎದುರಿನವರ ಗುಳಿಗಳಲ್ಲಿ ಮೂರು ಪಾಲು ತುಂಬಿಟ್ಟು ಆಡಿದರೆ ಸೋತವಳನ್ನು ದಡ್ಡಿಯೆಂದು ಯಾರು ಕರೆದಾರು? ಆದುದರಿಂದ ಕಠಿನವಾದ ಮೆಟ್ಟಿಲಿನ ಮೊದಲ ಸೋಲು ಆಡುವವಳ ಬುದ್ಧಿಯ ಅಳತೆಯಲ್ಲ. ಆರಂಭದ ಅಸಮಾನತೆಯ ಅಳತೆ. ಇದನ್ನು ಅರಿತವಳು ಎದುರಾಳಿಯ ವೇಗಕ್ಕೆ ಸರಿಯಾಗಿ ಓಡಲು ಹೋಗದೆ, ಬದುಕಿ ಉಳಿಯುವ ಉಪಾಯವನ್ನು ಮೊದಲು ನೋಡುತ್ತಾಳೆ. ಆ ಉಪಾಯಗಳನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದು ನೆಲೆಯ ಆಯ್ಕೆ. ಇನ್ನೂ ಒಳ್ಳೆಯ ಜಾಗ ಸಿಕ್ಕೀತೆಂದು ಹತ್ತಾರು ಸರದಿ ಅಲೆಯುವುದು ಹಾನಿಕರ. ಮೊದಲನೆಯ ಅಥವಾ ಎರಡನೆಯ ಸರದಿಯಲ್ಲಿಯೇ ರಾಜಧಾನಿಯನ್ನು ಸ್ಥಾಪಿಸತಕ್ಕದ್ದು. ಆದರೆ ಸಿಹಿನೀರಿನ ಮಗ್ಗುಲನ್ನು ಬಿಡಬಾರದು. ನದಿ ಅಥವಾ ಕೆರೆಯ ದಡದಲ್ಲಿ ಕಟ್ಟಿದ ಊರಿಗೆ ಆರಂಭದಲ್ಲಿ 5 ಅಂಶಗಳಷ್ಟು ವಸತಿಯ ಅವಕಾಶ, ಸಮುದ್ರತೀರದಲ್ಲಿ 3, ನೀರಿಲ್ಲದಲ್ಲಿ 2 ಮಾತ್ರ. ವಸತಿಯ ಮಿತಿಯನ್ನು ಮುಟ್ಟಿದ ಊರಿನಲ್ಲಿ ಜನಸಂಖ್ಯೆಯ ಬೆಳೆವಣಿಗೆ ಕುಂಟುತ್ತದೆ. ನೀರಿದ್ದಲ್ಲಿ ನೆಲೆನಿಲ್ಲುವುದು ನಿಜವಾದ ಚರಿತ್ರೆಯ ಪಾಠವೂ ಹೌದು.

ಎರಡನೆಯದು ಕಣ್ಣಿಟ್ಟಿರುವುದು. ಆರಂಭದಲ್ಲಿ ಊರನ್ನು ಹಾಳುಮಾಡುವವರು ನೆರೆಯ ಅರಸರಿಗಿಂತ ಹೆಚ್ಚಾಗಿ ಕಾಡುಮೇಡುಗಳಲ್ಲಿ ಬೀಡುಬಿಟ್ಟ 'ಬಾರ್ಬೇರಿಯನ್' ಎಂಬ ದಾಳಿಗಾರರು. ಇವರ ನಡೆಗೆ ಒಂದು ನಿಯಮವುಂಟು. ಬೀಡಿನಿಂದ ಮೊದಲು ಒಬ್ಬ ಬೇಹುಗಾರನು ಹೊರಡುತ್ತಾನೆ. ಅವನು ನಮ್ಮ ಊರನ್ನು ಕಂಡನೆಂದರೆ ಅವನ ತಲೆಯ ಮೇಲೆ ಕೆಂಪು ಆಶ್ಚರ್ಯಸೂಚಕ ಚಿಹ್ನೆಯು ತೋರುತ್ತದೆ. ಅವನು ಬೀಡಿಗೆ ಹಿಂದಿರುಗಿ ಸುದ್ದಿ ಮುಟ್ಟಿಸಿದ ಮೇಲೆಯೇ ದಾಳಿಯ ಗುಂಪು ಹೊರಡುವುದು. ಆದಕಾರಣ ಆ ಬೇಹುಗಾರನನ್ನು ದಾರಿಯಲ್ಲಿಯೇ ತಡೆದರೆ ದಾಳಿಯೇ ಹುಟ್ಟುವುದಿಲ್ಲ. ಆಡುವವರಲ್ಲಿ ಅನೇಕರು ತಮ್ಮ ಏಕಮಾತ್ರ ಯೋಧನನ್ನು ದೂರದೇಶವನ್ನು ನೋಡಲು ಕಳುಹಿಸಿ ಮನೆಬಾಗಿಲನ್ನು ತೆರೆದಿಡುತ್ತಾರೆ. ದೂರ ನೋಡಲು 30 ಅಂಶಗಳ ಉತ್ಪತ್ತಿಯಿಂದ ಒಬ್ಬ ಬೇಹುಗಾರನನ್ನು ಸಿದ್ಧಪಡಿಸಿ, ಯೋಧನನ್ನು ಊರಿನ ಸುತ್ತಮುತ್ತಲೇ ಇಟ್ಟುಕೊಳ್ಳುವುದು ಲೇಸು.

ಮೂರನೆಯದು ಅಲ್ಪವೆಚ್ಚದ ರಕ್ಷಣೆ. ಯೋಧನಿಗೆ 40 ಅಂಶಗಳ ಉತ್ಪತ್ತಿ ತಗಲಿದರೆ ಕವಣೆಗಾರನಿಗೆ 35 ಸಾಕು. ಕವಣೆಗಾರನೊಬ್ಬನು ಶತ್ರುವಿನ ಒಂದು ಪಡೆಯನ್ನು ಕೊಂದರೆ ಬಿಲ್ವಿದ್ಯೆಯ ಕಲಿಕೆಯು ಥಟ್ಟನೆ ಮುಂದೆ ಸಾಗುತ್ತದೆ. ಆ ಮೇಲೆ ಸ್ವಲ್ಪ ಹೊನ್ನನ್ನು ಕೊಟ್ಟು ಆ ಕವಣೆಗಾರರನ್ನೇ ಬಿಲ್ಲುಗಾರರನ್ನಾಗಿ ಮಾಡಿಕೊಳ್ಳಬಹುದು. ಬಿಲ್ಲುಗಾರನು ಎರಡು ಮನೆಗಳ ದೂರದಿಂದ ಹೊಡೆಯುತ್ತಾನೆ. ಹೊಡೆಯುವಾಗ ಅವನಿಗೆ ಪೆಟ್ಟು ತಗಲುವುದಿಲ್ಲ. ಇಂಥವರು ಮೂವರಿದ್ದರೆ ಚಿಕ್ಕ ರಾಜ್ಯವು ದೊಡ್ಡ ಸೈನ್ಯವನ್ನು ತಡೆಯಬಲ್ಲದು.

ನೆಲದ ಬಲವನ್ನೂ ಮರೆಯಬಾರದು. ಲೆಕ್ಕವನ್ನು ನೋಡಿರಿ. ಪ್ರತಿಯೊಂದು ಪಡೆಗೂ 100 ಅಂಶಗಳ ಆಯುಸ್ಸು. ಸಮಬಲರಾದ ಇಬ್ಬರು ಯೋಧರು ಕಾದಿದರೆ ಒಬ್ಬೊಬ್ಬರೂ ಸುಮಾರು 30ನ್ನು ಕಳೆದುಕೊಳ್ಳುತ್ತಾರೆ. ಡೀಟಿಯಲ್ಲಿ ನಮ್ಮ ಯೋಧನ ಬಲ 20, ಶತ್ರುವಿನದು 24. ಬಯಲಿನಲ್ಲಿ ಕಾದಿದರೆ ನಮಗೆ ಸುಮಾರು 35, ಅವನಿಗೆ ಸುಮಾರು 25ರ ನಷ್ಟ. ಅದೇ ಯೋಧನು ಗುಡ್ಡದ ಮೇಲೆ ನಿಂತರೆ 3, ಎರಡು ಸರದಿ ಕದಲದೆ ಬಿಡಾರವನ್ನು ಭದ್ರಪಡಿಸಿಕೊಂಡರೆ 6 ಅಂಶಗಳು ಸೇರಿ ಅವನ ರಕ್ಷಣಾಬಲವು 29 ಆಗುತ್ತದೆ. ಆಗ ನಷ್ಟದ ಲೆಕ್ಕವು ತಿರುಗಿ, ಏರಿಬಂದವನೇ ಹೆಚ್ಚು ಕಳೆದುಕೊಳ್ಳುತ್ತಾನೆ. ಶತ್ರುವಿಗೆ ದಾನವಾಗಿ ಬಂದ 4 ಅಂಶಗಳನ್ನು ಒಂದು ಗುಡ್ಡವೂ ಎರಡು ಸರದಿಗಳ ತಾಳ್ಮೆಯೂ ತೀರಿಸಿಬಿಡುತ್ತವೆ. ಕಲ್ಲುಕೆಲಸವನ್ನು ಕಲಿತು ಊರಿಗೆ ಕೋಟೆಗೋಡೆಯನ್ನು ಎತ್ತಿಸಿದರೆ ಊರು ತಾನೇ ದೂರದ ಶತ್ರುವಿನ ಮೇಲೆ ಬಾಣಗಳನ್ನು ಸುರಿಸುವ ಶಕ್ತಿಯನ್ನು ಪಡೆಯುತ್ತದೆ.

ನಾಲ್ಕನೆಯದು ಸಂಧಿ. ನೆರೆಯ ಅರಸನು ಮೊದಲು ಭೇಟಿಯಾದ ಸರದಿಯಲ್ಲಿಯೇ 25 ಹೊನ್ನನ್ನು ವೆಚ್ಚಮಾಡಿ ನಿಯೋಗವನ್ನು ಕಳುಹಿಸಬೇಕು. ತಡಮಾಡಿದರೆ ಮನಸ್ಸು ಕೆಟ್ಟವನು ಅದನ್ನು ನಿರಾಕರಿಸಬಹುದು. ಸ್ನೇಹವು ಬೆಳೆದ ಮೇಲೆ ಬಹಿರಂಗವಾಗಿ ಮೈತ್ರಿಯನ್ನು ಸಾರಿದರೆ 30 ಸರದಿಗಳ ಕಾಲ ಪರಸ್ಪರ ಯುದ್ಧವನ್ನು ಹೂಡುವಂತಿಲ್ಲ. 25 ಹೊನ್ನಿನ ಮರ್ಯಾದೆಯಿಂದ ತೊಡಗಿ 30 ಸರದಿಗಳ ನೆಮ್ಮದಿಯನ್ನು ಪಡೆಯುವುದು ಆ ಕಾಲದಲ್ಲಿ ಎಲ್ಲಕ್ಕಿಂತ ಅಗ್ಗವಾದ ಕೋಟೆಯಲ್ಲವೇ? ಆದರೂ ಯಂತ್ರದ ಅರಸನು ನೆರೆಯವಳ ಸೈನ್ಯವನ್ನು ಎಣಿಸುತ್ತಲೇ ಇರುತ್ತಾನೆ. ಬರಿಗೈಯವಳ ಸ್ನೇಹಕ್ಕಿಂತ ಮೂವರು ಬಿಲ್ಲುಗಾರರುಳ್ಳವಳ ಸ್ನೇಹಕ್ಕೆ ಬೆಲೆ ಹೆಚ್ಚು.

ಈ ಸಂದರ್ಭದಲ್ಲಿ ನಮ್ಮ ನಾಡಿಗೆ ಹೆಮ್ಮೆಯುಂಟುಮಾಡುವ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆವು. 2018ರಲ್ಲಿ ಈ ಆಟಕ್ಕೆ ಚಂದ್ರಗುಪ್ತ ಮೌರ್ಯನನ್ನು ಸೇರಿಸಿದರು. ಅವನಿಗೆ ಕೊಟ್ಟ ವಿಶೇಷ ಶಕ್ತಿಯ ಹೆಸರೇ 'ಅರ್ಥಶಾಸ್ತ್ರ'. ಕೌಟಿಲ್ಯನ ಆ ಗ್ರಂಥವು ಬಹುಕಾಲ ಜಗತ್ತಿಗೆ ಹೆಸರಿನಿಂದ ಮಾತ್ರ ತಿಳಿದಿತ್ತು. ಅದರ ತಾಳೆಯೋಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿ, 1915ರಲ್ಲಿ ಇಂಗ್ಲಿಷಿಗೆ ತಂದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವವೆಂಬ ಆರು ನೀತಿಗಳನ್ನು ಆ ಗ್ರಂಥವು ವಿವರಿಸುತ್ತದೆ. ಎದುರಾಳಿಗಿಂತ ಬಲದಲ್ಲಿ ಕುಂದಿದವನಿಗೆ ಸಂಧಿಯನ್ನೂ, ಮೇಲಾದವನಿಗೆ ವಿಗ್ರಹವನ್ನೂ ವಿಧಿಸುತ್ತದೆ. ಡೀಟಿಯ ಮೊದಲ ಸರದಿಯಲ್ಲಿ ಒಂದೇ ಊರಿನ ಒಡತಿಯಾದವಳಿಗೆ ಇದಕ್ಕಿಂತ ಒಪ್ಪುವ ಬುದ್ಧಿವಾದವು ಯಾವುದಿದ್ದೀತು?

ಐದನೆಯದು, ಯಾವುದಕ್ಕೆ ಕೈಹಾಕಬಾರದೆಂಬ ವಿವೇಕ. ಲೋಕಾದ್ಭುತಗಳೆಂಬ ಭವ್ಯವಾದ ಕಟ್ಟಡಗಳು ಆಟದಲ್ಲುಂಟು. ಒಂದೊಂದನ್ನೂ ಇಡೀ ಲೋಕದಲ್ಲಿ ಒಬ್ಬರು ಮಾತ್ರ ಕಟ್ಟಬಹುದು. ಮೂರು ಊರುಗಳೂ ನೂರಕ್ಕೆ 80ರಷ್ಟು ಅಧಿಕೋತ್ಪತ್ತಿಯೂ ಉಳ್ಳವನೊಡನೆ ಆರಂಭದಲ್ಲಿಯೇ ಇದಕ್ಕಾಗಿ ಪಂದ್ಯ ಕಟ್ಟುವುದು ಹಾಸಿಗೆಯನ್ನು ಮೀರಿ ಕಾಲು ಚಾಚಿದಂತೆ. ಮತಸ್ಥಾಪನೆಯ ಅವಕಾಶಗಳೂ ಪರಿಮಿತವಾಗಿದ್ದು ಬೇಗನೆ ತೀರಿಹೋಗುತ್ತವೆ. ಈ ಎರಡನ್ನೂ ಬಿಟ್ಟು ಉಳಿಸಿದ ಶ್ರಮವನ್ನು ಎರಡನೆಯ, ಮೂರನೆಯ ಊರುಗಳಿಗೆ ವಿನಿಯೋಗಿಸಬೇಕು. ಹೊಸ ಊರಿಗೆ ಹೊರಡುವ ಮೊದಲ ತಂಡಕ್ಕೆ 80 ಅಂಶಗಳ ಉತ್ಪತ್ತಿ ಬೇಕು. ಮುಂದಿನ ತಂಡಗಳಿಗೆ ಬೆಲೆಯು ಏರುತ್ತ ಹೋಗುತ್ತದೆ. ತಂಡವು ಹೊರಟಾಗ ತಾಯೂರಿನ ಜನಸಂಖ್ಯೆಯಲ್ಲಿ 1 ಕಡಿಮೆಯಾಗುತ್ತದೆ. ದಾರಿಯಲ್ಲಿ ಕಾವಲಿಲ್ಲದೆ ಕಳುಹಿಸಿದ ತಂಡವನ್ನು ದಾಳಿಗಾರರು ಸೆರೆಹಿಡಿದರೆ ಅಷ್ಟೂ ಶ್ರಮವು ನೀರಿನ ಪಾಲು. ಆದುದರಿಂದ ಯೋಧನು ಮುಂದೆ, ತಂಡವು ಹಿಂದೆ.

ವಿದ್ಯೆಯಲ್ಲಿ ಹಿಂದೆಬಿದ್ದುದನ್ನು ತುಂಬಿಕೊಳ್ಳಲು ಆಟವೇ ಒಂದು ದಾರಿಯನ್ನು ಇಟ್ಟಿದೆ. ಬಹುಪಾಲು ವಿದ್ಯೆಗಳಲ್ಲಿ ಒಂದೊಂದಕ್ಕೂ ಸಂಬಂಧಪಟ್ಟ ಚಿಕ್ಕ ಕೆಲಸವೊಂದನ್ನು ಮಾಡಿ ತೋರಿಸಿದರೆ ಆ ವಿದ್ಯೆಯ ದೊಡ್ಡ ಭಾಗವು ಉಚಿತವಾಗಿ ದೊರೆಯುತ್ತದೆ. ಮೊದಲು ಈ ಭಾಗವು ನೂರಕ್ಕೆ 50 ಇದ್ದು, 2018ರ ವಿಸ್ತರಣೆಯಿಂದ 40ಕ್ಕೆ ಇಳಿಯಿತು. ಸಮುದ್ರತೀರದಲ್ಲಿ ಊರು ಕಟ್ಟಿದರೆ ನೌಕಾಯಾನ, ಕಲ್ಲುಗಣಿಯನ್ನು ತೆರೆದರೆ ಕಲ್ಲುಕೆಲಸ, ಮೂರು ಬಾರ್ಬೇರಿಯನ್ ಪಡೆಗಳನ್ನು ಸೋಲಿಸಿದರೆ ಕಂಚಿನ ಕೆಲಸ, ಪರರಾಜ್ಯವೊಂದನ್ನು ಸಂಧಿಸಿದರೆ ಬರವಣಿಗೆ, ಹೀಗೆ. ಯಾವ ಕೆಲಸದಿಂದ ಯಾವ ವಿದ್ಯೆ ಮುಂದುವರಿಯುವುದೆಂದು ತಿಳಿದು ಸರದಿಗಳನ್ನು ಹೊಂದಿಸುವವಳು ಎದುರಾಳಿಯ ನೂರಕ್ಕೆ 32ರ ಲಾಭವನ್ನು ಮೆಲ್ಲಮೆಲ್ಲನೆ ಸರಿಗಟ್ಟುತ್ತಾಳೆ. ಚಿಕ್ಕ ನಗರರಾಜ್ಯಗಳನ್ನು ಎಲ್ಲರಿಗಿಂತ ಮೊದಲು ಸಂಧಿಸಿದವಳಿಗೆ ಅಲ್ಲಿ ಒಬ್ಬ ರಾಯಭಾರಿಯು ಬಿಟ್ಟಿಯಾಗಿ ದೊರೆಯುತ್ತಾನೆ. ಅದು ವಿದ್ಯೆಯ ನಗರರಾಜ್ಯವಾಗಿದ್ದರೆ ರಾಜಧಾನಿಗೆ ಸರದಿಯೊಂದಕ್ಕೆ 2 ಅಂಶಗಳ ವಿದ್ಯಾಲಾಭವುಂಟು.

ಇಷ್ಟನ್ನೆಲ್ಲ ಮಾಡಿ ನೂರನೆಯ ಸರದಿಗೆ ಬಂದವಳು ನಾಲ್ಕೈದು ಊರುಗಳೊಡನೆ ಇನ್ನೂ ಹಿಂದೆಯೇ ಇರಬಹುದು. ಅದರಿಂದ ಎದೆಗುಂದಬೇಕಾದುದಿಲ್ಲ. ಯಂತ್ರವು ಸೈನ್ಯವನ್ನು ಬಿಡಿಬಿಡಿಯಾಗಿ ಗೋಡೆಯ ಮುಂದೆ ತಂದು ಕಳೆದುಕೊಳ್ಳುತ್ತದೆ. ಊರಿನ ಜಾಗವನ್ನೂ ಕೆಲಸದ ಕ್ರಮವನ್ನೂ ಮುಂದಾಲೋಚನೆಯಿಂದ ಹೊಂದಿಸಲು ಅದಕ್ಕೆ ಬಾರದು. ಆರಂಭದ ದಾನವು ಒಂದೇ ಸಾರಿ ದೊರೆಯುವುದು. ಸರಿಯಾದ ವಿವೇಚನೆಯಾದರೋ ಪ್ರತಿ ಸರದಿಯಲ್ಲಿಯೂ ಫಲಿಸುವುದು. ಆದುದರಿಂದಲೇ ಮೊದಲ ನೂರನ್ನು ದಾಟಿದವರು ಮುಂದಿನ ನೂರರಲ್ಲಿ ಅನೇಕ ವೇಳೆ ಮುಂದಾಗುತ್ತಾರೆ.

ಪಾಲಕರಿಗೆ ಇನ್ನೊಂದು ಮಾತು. ಈ ಆಟವು ಚರಿತ್ರೆಯನ್ನು ಹೋಲುತ್ತದೆಯೇ ಹೊರತು ಚರಿತ್ರೆಯೇ ಅಲ್ಲ. ಎಲ್ಲ ಜನಾಂಗಗಳೂ ಒಂದೇ ವರುಷದಲ್ಲಿ ಊರುಕಟ್ಟಲು ತೊಡಗಿದವೆಂಬುದು ಆಟದ ಅನುಕೂಲಕ್ಕಾಗಿ ಮಾಡಿಕೊಂಡ ಕಲ್ಪನೆ. 'ಬಾರ್ಬೇರಿಯನ್' ಎಂಬುದು ತಮಗೆ ಅರ್ಥವಾಗದ ಭಾಷೆಯನ್ನಾಡುವವರಿಗೆ ಗ್ರೀಕರು ಇಟ್ಟ ಹೆಸರು. ಅಂಥವರಿಗೂ ಹೆಂಡಿರು ಮಕ್ಕಳು, ಹಾಡು ಕಥೆಗಳು ಇದ್ದವೆಂಬುದನ್ನು ಪರದೆಯು ತೋರಿಸುವುದಿಲ್ಲ. ಆಟವನ್ನು ರಚಿಸಿದವರೇ 2021ರಲ್ಲಿ ಬೇರೊಂದು ಬಗೆಯ ಆಟವನ್ನು ಸೇರಿಸಿ, ಈ ಬೀಡುಗಳೂ ಕಾಲಕ್ರಮದಲ್ಲಿ ನಗರರಾಜ್ಯಗಳಾಗಿ ಬೆಳೆಯುವಂತೆ ಮಾಡಿದರು. ಇಂಥ ವಿಷಯಗಳನ್ನು ಊಟದ ಹೊತ್ತಿನಲ್ಲಿ ಮಕ್ಕಳೊಡನೆ ಮಾತನಾಡಿದರೆ ಆಟದ ಹೊತ್ತು ಓದಿನ ಹೊತ್ತಿಗೂ ನೆರವಾದೀತು.

ಮಗಳು ಸೋತು ಎದ್ದಾಗ "ಹೋಗಲಿ, ಬಿಡು" ಎನ್ನುವುದರ ಬದಲು, "ನಿನಗೆ ಎಷ್ಟಿತ್ತು? ಎದುರಿನವನಿಗೆ ಎಷ್ಟಿತ್ತು? ಇದ್ದುದನ್ನು ಯಾವುದಕ್ಕೆ ಮೊದಲು ವೆಚ್ಚಮಾಡಿದೆ?" ಎಂದು ಕೇಳಬೇಕೆಂದು ನಾವು ಸೂಚಿಸುವೆವು. ಮೊದಲ ಎರಡು ಪ್ರಶ್ನೆಗಳಿಂದ ಸೋಲಿನ ಎಷ್ಟು ಭಾಗವು ತನ್ನದಲ್ಲವೆಂಬುದು ಅವಳಿಗೆ ತಿಳಿಯುವುದು. ಮೂರನೆಯದರಿಂದ ಎಷ್ಟು ಭಾಗವು ತನ್ನ ಕೈಯಲ್ಲಿದೆಯೆಂಬುದು ತಿಳಿಯುವುದು. ಈ ಎರಡನ್ನೂ ಬೇರೆಬೇರೆಯಾಗಿ ಅಳೆಯಲು ಕಲಿತ ಹುಡುಗಿಯು ಮರುದಿನ ತಾನಾಗಿಯೇ ಮೊದಲ ಸರದಿಗೆ ಕುಳಿತುಕೊಳ್ಳುವಳು.