ಕೊಟ್ಟಿಗೆಯ ವೈರಿಂಗ್: ಎಲೆಕ್ಟ್ರಿಷಿಯನ್ ಕರೆಸುವಾಗ ನೀವೇ ಮುಂದೆ ನಿಲ್ಲಿ

ಸಂಘದ ಭೇಟಿಗೆ ಹೋದಾಗ ಸದಸ್ಯೆಯೊಬ್ಬರು ತಮ್ಮ ಚಿಂತೆ ಹೇಳಿಕೊಂಡರು. ಚೆನ್ನಾಗಿ ಹಾಲು ಕೊಡುತ್ತಿದ್ದ ಹಸು ಹದಿನೈದು ದಿನಗಳಿಂದ ಇಳಿಮುಖವಾಗಿತ್ತು. ತೊಟ್ಟಿಯ ಹತ್ತಿರ ಹೋಗುತ್ತದೆ, ಮೂತಿ ಇಡುತ್ತದೆ, ಬೆಚ್ಚಿ ಹಿಂದೆ ಸರಿಯುತ್ತದೆ. ಜ್ವರವಿಲ್ಲ, ಕೆಚ್ಚಲು ಬಾವಿಲ್ಲ. ಹಿಂಡಿ ಬದಲಾಯಿಸಿದರು, ಖನಿಜ ಮಿಶ್ರಣ ಕೊಟ್ಟರು, ದೃಷ್ಟಿಯನ್ನೂ ತೆಗೆದರು.

ಕೊನೆಗೆ ಪಶುವೈದ್ಯರು, "ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ಇಟ್ಟು ನೋಡಿ" ಎಂದರು. ಹಸು ಒಂದೇ ಉಸಿರಿಗೆ ಎರಡು ಬಕೆಟ್ ಕುಡಿಯಿತು. ತೊಟ್ಟಿಗೆ ನೀರು ತರುವ ಕಬ್ಬಿಣದ ಪೈಪಿಗೆ ಮೋಟಾರಿನಿಂದ ಕರೆಂಟು ಸೋರುತ್ತಿತ್ತು. ಮೋಟಾರು ಕೂರಿಸಿದ್ದು ಪಕ್ಕದ ಮನೆಯ ಹುಡುಗ. ಬಲ್ಬು, ಫ್ಯಾನು ಹಾಕಿ ಕೈ ಪಳಗಿದವನು. ಆದರೆ ಅರ್ಥಿಂಗ್ ವೈರನ್ನು ಎಲ್ಲಿಗೂ ಜೋಡಿಸದೆ ಕತ್ತರಿಸಿ ಬಿಟ್ಟಿದ್ದ. ರಬ್ಬರ್ ಚಪ್ಪಲಿ ಹಾಕಿ ಓಡಾಡುತ್ತಿದ್ದ ನಮ್ಮ ಸದಸ್ಯೆಗೆ ಏನೂ ತಿಳಿದಿರಲಿಲ್ಲ. ಸೋರಿಕೆ ಸ್ವಲ್ಪ ಹೆಚ್ಚಿದ್ದು, ಅವರು ಬರಿಗಾಲಲ್ಲಿ ಇದ್ದಿದ್ದರೆ? ಆ ಪ್ರಶ್ನೆಗೆ ಅವರ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಹಸುವಿಗೆ ಏಕೆ ಮೊದಲು ತಿಳಿಯುತ್ತದೆ?

ಹಸು ನಾಲ್ಕು ಕಾಲನ್ನೂ ಒದ್ದೆ ನೆಲದ ಮೇಲೆ ಊರಿ ನಿಂತಿರುತ್ತದೆ. ಮುಂಗಾಲು, ಹಿಂಗಾಲುಗಳ ನಡುವೆ ಅಂತರ ಹೆಚ್ಚು. ಅದರ ಮೈ ಮನುಷ್ಯರ ಮೈಗಿಂತ ಸುಲಭವಾಗಿ ಕರೆಂಟು ಹರಿಯಲು ಬಿಡುತ್ತದೆ. ನಮಗೆ ಗೊತ್ತೇ ಆಗದಷ್ಟು ಕರೆಂಟು ಅದಕ್ಕೆ ಚುಚ್ಚುತ್ತದೆ. ನೀರು ಕುಡಿಯಲು ಹಿಂಜರಿಯುವುದು, ಕರೆಯುವಾಗ ಒದೆಯುವುದು, ಸೊರೆ ಬಿಡದಿರುವುದು, ಒಂದು ಜಾಗಕ್ಕೆ ಮಾತ್ರ ಹೋಗಲೊಲ್ಲದಿರುವುದು ಇದರ ಲಕ್ಷಣಗಳು. ವೈದ್ಯರಿಗೆ ರೋಗ ಕಾಣದಿದ್ದರೆ ವೈರಿಂಗ್ ಕಡೆಗೂ ಒಮ್ಮೆ ನೋಡಿ.

ಮನೆಯಲ್ಲಿ ಅತಿ ಹೆಚ್ಚು ನೀರು, ಗಂಜಲ, ಕಬ್ಬಿಣ ಇರುವ ಜಾಗ ಕೊಟ್ಟಿಗೆ. ಆದರೆ ಅತಿ ಅಗ್ಗದ ವೈರಿಂಗ್ ಆಗುವುದೂ ಅಲ್ಲಿಯೇ. 9 ವ್ಯಾಟಿನ ಬಲ್ಬಿಗೆಂದು ಎಳೆದ ತೆಳ್ಳನೆ ವೈರಿಗೆ ಮುಂದೊಂದು ದಿನ 2 ಎಚ್‌ಪಿಯ ಮೇವು ಕತ್ತರಿಸುವ ಯಂತ್ರ ಸಿಕ್ಕಿಸುತ್ತೇವೆ. ಅದು ಸುಮಾರು 1,500 ವ್ಯಾಟಿನ ಮೋಟಾರು. ಎಲೆಕ್ಟ್ರಿಷಿಯನ್ ಜೊತೆ ಮಾತಾಡುವವರು ಗಂಡಸರು. ಒದ್ದೆ ಕೈಯಲ್ಲಿ ಸ್ವಿಚ್ ಒತ್ತುವವರು ನೀವು. ಹಾಗಾಗಿ ಕೇಳಬೇಕಾದವರೂ ನೀವೇ.

ಯಾರನ್ನು ಕರೆಯಬೇಕು?

ನಮ್ಮ ರಾಜ್ಯದಲ್ಲಿ ವೈರಿಂಗ್ ಮಾಡುವವರಿಗೆ ವೈರ್‌ಮನ್ ಪರ್ಮಿಟ್ ಮತ್ತು ಗುತ್ತಿಗೆದಾರರಿಗೆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. "ನಿಮ್ಮ ಪರ್ಮಿಟ್ ತೋರಿಸಿ" ಎಂದು ಕೇಳಲು ಸಂಕೋಚ ಬೇಡ. ಫೋಟೊ ನೋಡಿ, ಅವಧಿ ಮುಗಿದಿಲ್ಲವೇ ನೋಡಿ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು. ಆ ಪ್ರಮಾಣಪತ್ರವಿದ್ದರೆ ಒಳ್ಳೆಯದು, ಆದರೆ ಅದು ಪರ್ಮಿಟ್ ಅಲ್ಲ.

ಲೈನ್‌ಮನ್ ಪರಿಚಯದವರೆಂದು ಅವರಿಂದಲೇ ಮನೆ ವೈರಿಂಗ್ ಮಾಡಿಸುವ ರೂಢಿಯಿದೆ. ಲೈನ್‌ಮನ್ ಕೆಲಸ ಕಂಬದಿಂದ ಮೀಟರಿನವರೆಗೆ. ಮೀಟರಿನಿಂದ ಈಚೆಗಿನ ಹೊಣೆ ಮನೆಯವರದು. ದೊಡ್ಡ ಯಂತ್ರ ತರುವಾಗ ಮಂಜೂರಾದ ಲೋಡ್ ಸಾಲುತ್ತದೆಯೇ ಎಂದು ಗುತ್ತಿಗೆದಾರರನ್ನು ಕೇಳಿ, ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕಿಸಿ.

ಅವರು ಬರುವ ಮುನ್ನ ಒಂದು ಚೀಟಿ ಬರೆದಿಡಿ: ಬಲ್ಬು ಎಷ್ಟು, ಫ್ಯಾನು ಎಷ್ಟು, ನೀರಿನ ಮೋಟಾರು, ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಮುಂದಿನ ವರ್ಷ ತರಬೇಕೆಂದಿರುವುದು. ಲೆಕ್ಕ ಕೇಳದೆ ನೇರವಾಗಿ ಗೋಡೆ ಕೊರೆಯಲು ಶುರು ಮಾಡುವವರು ನಿಮಗೆ ಬೇಡ.

ನಿಂತು ನೋಡಬೇಕಾದ್ದು

1. ಅರ್ಥಿಂಗ್: ಹಸಿರು ವೈರ್ ಪ್ರತಿ ಪ್ಲಗ್ಗಿಗೂ, ಪ್ರತಿ ಮೋಟಾರಿನ ಮೈಗೂ ಸೇರಿರಬೇಕು, ಅಲ್ಲಿಂದ ಹೊರಗಿನ ಅರ್ಥಿಂಗ್ ಗುಂಡಿಗೆ ಹೋಗಬೇಕು. ಬೇಸಿಗೆಯಲ್ಲಿ ಗುಂಡಿ ಒಣಗದಂತೆ ನೀರು ಹಾಕಿ.

2. ಆರ್‌ಸಿಸಿಬಿ: ಎಂಸಿಬಿ ವೈರಿಂಗನ್ನು ಉಳಿಸುತ್ತದೆ, ಜೀವ ಉಳಿಸುವುದು ಆರ್‌ಸಿಸಿಬಿ. ಕೆಲವರು ಇದನ್ನು ಇಎಲ್‌ಸಿಬಿ ಎನ್ನುತ್ತಾರೆ. 30 ಮಿಲಿಆಂಪಿಯರಿನದೇ ಬೇಕೆಂದು ಹೇಳಿ. ಅರ್ಥಿಂಗ್ ಸರಿಯಿದ್ದರೆ ಕರೆಂಟು ಸೋರಿದ ಕೂಡಲೇ ಅದು ಬಿದ್ದುಹೋಗುತ್ತದೆ, ಯಾರೂ ಮುಟ್ಟುವವರೆಗೆ ಕಾಯುವುದಿಲ್ಲ. ಪದೇ ಪದೇ ಬೀಳುತ್ತದೆಂದು ಅದನ್ನು ತೆಗೆಸಿಹಾಕಬೇಡಿ. ಎಲ್ಲೋ ಸೋರಿಕೆಯಿದೆ ಎಂದು ಅದು ಕೂಗಿ ಹೇಳುತ್ತಿದೆ.

3. ವೈರ್: ಐಎಸ್‌ಐ ಗುರುತಿನ ತಾಮ್ರದ್ದಿರಲಿ. ದೀಪ, ಫ್ಯಾನಿಗೆ 1.5 ಚದರ ಮಿ.ಮೀ., ಪವರ್ ಪ್ಲಗ್ಗಿಗೆ 2.5 ಚದರ ಮಿ.ಮೀ. ಸಾಮಾನ್ಯ. ಮೋಟಾರು ದೊಡ್ಡದಿದ್ದು ಕೊಟ್ಟಿಗೆ ದೂರವಿದ್ದರೆ ಇನ್ನೂ ದಪ್ಪ ವೈರ್ ಬೇಕಾಗುತ್ತದೆ. ನಡುವೆ ಟೇಪು ಸುತ್ತಿದ ಜೋಡಣೆ ಬೇಡ.

4. ಸ್ವಿಚ್ ಬೋರ್ಡ್: ದನದ ಮೂತಿ, ಕರುವಿನ ನಾಲಿಗೆ, ತೊಳೆಯುವ ನೀರು ಯಾವುದೂ ತಲುಪದ ಎತ್ತರದಲ್ಲಿರಲಿ. ವೈರ್ ಪೈಪಿನೊಳಗೆ ಹೋಗಲಿ. ತಗಡಿನ ಮಾಡಿಗೆ, ಕಬ್ಬಿಣದ ಕಂಬಕ್ಕೆ ತಾಗಬಾರದು.

5. ಬಟ್ಟೆ ಒಣಗಿಸುವ ತಂತಿ: ಕರೆಂಟಿನ ವೈರ್ ಹಾದುಹೋಗುವ ಕಂಬಕ್ಕೆ, ತಗಡಿನ ಮಾಡಿಗೆ ತಂತಿ ಕಟ್ಟಬೇಡಿ. ಪ್ಲಾಸ್ಟಿಕ್ ಹಗ್ಗ ಸಾಕು.

ನ್ಯೂಟ್ರಲ್ ಬದಲು ನೆಲಕ್ಕೆ ಹೂತ ಕಂಬಿಯಿಂದ ಬಲ್ಬು ಉರಿಸುವ ಉಪಾಯ ಹೇಳುವವರಿದ್ದಾರೆ. ಅಂಥ ಕಂಬಿಯ ಸುತ್ತಲಿನ ಒದ್ದೆ ನೆಲವೇ ದನಕ್ಕೆ ಯಮಪಾಶ. ಅದಕ್ಕೆ ಒಪ್ಪಬೇಡಿ.

ಹಣ ಕೊಡುವ ಮುನ್ನ

ಎಲ್ಲ ಹಣ ಮುಂಗಡ ಕೊಡಬೇಡಿ. ಕೆಲಸ ಮುಗಿದ ಮೇಲೆ ಮೋಟಾರುಗಳನ್ನೆಲ್ಲ ಓಡಿಸಿ, ನೀರಿನ ತೊಟ್ಟಿ, ಕಂಬ, ಗೊಂತಿನ ಕಂಬಿಗಳಲ್ಲಿ ಕರೆಂಟು ಇದೆಯೇ ಎಂದು ಮೀಟರ್ ಇಟ್ಟು ತೋರಿಸಲು ಹೇಳಿ. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿಯನ್ನು ನೀವೇ ಒತ್ತಿ. ಕೂಡಲೇ ಕರೆಂಟು ಹೋಗಬೇಕು. ಆಮೇಲೆ ಪ್ರತಿ ತಿಂಗಳು ಹಾಲಿನ ಬಟವಾಡೆ ಬಂದ ದಿನ ಒಮ್ಮೆ ಒತ್ತುವ ಅಭ್ಯಾಸ ಇಟ್ಟುಕೊಳ್ಳಿ. ಸಾಮಾನಿನ ಬಿಲ್ಲು, ಕೆಲಸ ಮಾಡಿದವರ ಪರ್ಮಿಟ್ ನಂಬರು ಪಾಸ್‌ಬುಕ್ಕಿನ ಜೊತೆಗಿರಲಿ.

ಶಾಕ್ ಹೊಡೆದರೆ

ಹಸುವಾಗಲಿ ಮನುಷ್ಯರಾಗಲಿ, ಬಿದ್ದವರನ್ನು ಮುಟ್ಟಲು ಓಡಬೇಡಿ. ಮೊದಲು ಮೈನ್ ಸ್ವಿಚ್ ಆರಿಸಿ. ಹಗ್ಗ ಹಿಡಿದು ಎಳೆಯುವುದೂ ಆಮೇಲೆಯೇ. ಕಂಬದ ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗದೆ, ಮಕ್ಕಳನ್ನೂ ದನಗಳನ್ನೂ ದೂರವಿಟ್ಟು 1912ಕ್ಕೆ ಕರೆ ಮಾಡಿ. ವಿಮೆ ಮಾಡಿಸಿದ ರಾಸು ಸತ್ತರೆ ಕಿವಿಯೋಲೆ ತೆಗೆಯದೆ ವೈದ್ಯರಿಗೆ, ಸಂಘದ ಕಾರ್ಯದರ್ಶಿಗೆ ತಿಳಿಸಿ. ಮರಣೋತ್ತರ ಪರೀಕ್ಷೆಗೆ ಮುನ್ನ ಹೂಳಬೇಡಿ.

ಆ ಸದಸ್ಯೆಯ ಮನೆಯಲ್ಲಿ ಪರ್ಮಿಟ್ ಇರುವವರು ಬಂದು ಅರ್ಥಿಂಗ್ ಹಾಕಿದರು, ಆರ್‌ಸಿಸಿಬಿ ಕೂರಿಸಿದರು. ಹಸು ಎರಡು ದಿನ ಅನುಮಾನದಿಂದಲೇ ತೊಟ್ಟಿ ಮೂಸಿ, ಮೂರನೆಯ ದಿನ ನೆಮ್ಮದಿಯಿಂದ ಕುಡಿಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸ್ಥಿತಿ ಅವರಿಗೆ ಬರಲಿಲ್ಲ, ಹಸು ಮೊದಲೇ ಹೇಳಿತ್ತು. ಇವತ್ತು ಸಂಜೆ ಕರೆಯಲು ಹೋದಾಗ ನಿಮ್ಮ ಕೊಟ್ಟಿಗೆಯ ಮಾಡಿನ ಕಡೆಗೆ, ಪ್ಲಗ್ಗಿನ ಕಡೆಗೆ ಒಮ್ಮೆ ಕಣ್ಣು ಹಾಯಿಸಿ.