ಅಕ್ಷರಗುಂಡಿನ ಪಾಠ

ಚಳ್ಳಕೆರೆಯೆಂದೊಡನೆ ಜನರಿಗೆ ಎಣ್ಣೆಯ ಗಿರಣಿಗಳೂ ಕರಿಯ ಕಂಬಳಿಯೂ ನೆನಪಿಗೆ ಬರುವುವು. ಮೊಳಕಾಲ್ಮೂರೆಂದೊಡನೆ ರೇಷ್ಮೆಯ ಸೀರೆ. ಮಳೆ ಕಡಮೆಯಾದ ಈ ಬಂಡೆಗಳ ಸೀಮೆಯು ಭರತಖಂಡದ ಇತಿಹಾಸಗ್ರಂಥಗಳಲ್ಲಿ ಎಂತಹ ಸ್ಥಾನವನ್ನು ಪಡೆದಿದೆಯೆಂಬುದನ್ನು ನಮ್ಮ ಗೃಹಸ್ಥರಲ್ಲಿ ಅರಿತವರು ವಿರಳ. ಆದುದರಿಂದ ಆ ವಿಷಯವನ್ನು ವಾಚಕ ಮಹಾಶಯರ ಮುಂದೆ ಸಂಗ್ರಹವಾಗಿ ಇಡಲು ಯತ್ನಿಸುತ್ತೇನೆ.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿಯೆಂಬ ಬೆಟ್ಟವಿದೆ. ಅದರ ಬುಡದ ಒಂದು ಬಂಡೆಯನ್ನು ಹಳ್ಳಿಗರು ಬಹುಕಾಲದಿಂದ ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದರು. ಅಕ್ಷರಗಳಿವೆಯೆಂಬುದು ಎಲ್ಲರಿಗೂ ತಿಳಿದಿದ್ದಿತು. ಏನು ಬರೆದಿದೆಯೆಂಬುದು ಯಾರಿಗೂ ತಿಳಿದಿರಲಿಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯೂ ಸಿದ್ದಾಪುರದಲ್ಲಿಯೂ ಜಟಿಂಗರಾಮೇಶ್ವರದ ಬೆಟ್ಟದಲ್ಲಿಯೂ ಇರುವ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಅವು ಅಶೋಕ ಚಕ್ರವರ್ತಿಯ ಧರ್ಮಲಿಪಿಗಳು. ಕ್ರಿಸ್ತಪೂರ್ವ ಮೂರನೆಯ ಶತಮಾನದವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ.

ಜಟಾಯುವಿನ ಹೆಸರಿನೊಡನೆ ಬೆಸೆದುಕೊಂಡಿರುವ ಜಟಿಂಗರಾಮೇಶ್ವರದ ಲಿಪಿಗೆ ಒದಗಿದ ಗತಿಯನ್ನು ಕೇಳಿದರೆ ಮನಸ್ಸು ನೋಯುತ್ತದೆ. ಅದಕ್ಕೆ ‘ಬಳೆಗಾರರ ಗುಂಡು’ ಎಂದು ಹೆಸರು. ಜಾತ್ರೆಯ ಕಾಲದಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡಿ, ಗೂಟ ನೆಡುವುದಕ್ಕಾಗಿ ಬಂಡೆಯಲ್ಲಿ ಕುಳಿಗಳನ್ನು ತೋಡಿದುದರಿಂದ ಎಷ್ಟೋ ಅಕ್ಷರಗಳು ಅಳಿದುಹೋದುವು. ಅವರನ್ನು ದೂಷಿಸುವುದು ನ್ಯಾಯವಲ್ಲ. ಓದಬಲ್ಲವರು ಓದಿ ಹೇಳದಿದ್ದ ಮೇಲೆ, ಅವರ ಪಾಲಿಗೆ ಅದು ಬರಿಯ ಕಲ್ಲೇ ಅಲ್ಲವೆ?

ಈ ಲಿಪಿಗಳಲ್ಲಿ ಅರಸನ ಹೆಸರು ‘ದೇವಾನಾಂಪ್ರಿಯ’ ಎಂದಷ್ಟೇ ಇದೆ. ಆತನೇ ಅಶೋಕನೆಂಬುದನ್ನು ಸಿಂಹಳದ ಗ್ರಂಥಗಳ ನೆರವಿನಿಂದ ಪಂಡಿತರು ಊಹಿಸಿದ್ದರು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ‘ಅಶೋಕ’ನೆಂಬ ಹೆಸರೇ ಇದ್ದ ಶಾಸನವು ದೊರೆತು, ಆ ಊಹೆಯು ಪ್ರಮಾಣಸಿದ್ಧವಾಯಿತು. ಒಂದು ಕನ್ನಡದ ಬಂಡೆಯ ಸಂದೇಹವನ್ನು ಮತ್ತೊಂದು ಕನ್ನಡದ ಬಂಡೆ ಪರಿಹರಿಸಿತೆನ್ನಬಹುದು.

ಬಹು ವರ್ಷಗಳ ಹಿಂದೆ ನಾನು ಶಾಲೆಯ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನು. ಕುರಿಕಾಯುವವರ ಮನೆಯ ಹುಡುಗನೊಬ್ಬನು, “ಮೇಷ್ಟ್ರೇ, ಅಷ್ಟು ದೊಡ್ಡ ರಾಜ ನಮ್ಮೂರಿಗೆ ಯಾಕೆ ಬರೆಸಿದ?” ಎಂದು ಕೇಳಿದನು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯವನ್ನು ಹಾರೈಸಿ ಅನಂತರ ರಾಜಾಜ್ಞೆಯನ್ನು ತಿಳಿಸಿದರೆಂದೂ, ಆ ಇಸಿಲವೆಂಬುದೇ ಈ ಸ್ಥಳವೆಂದೂ ಹೇಳಿದೆನು. ತಾಯಿತಂದೆಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದೇ ಆ ಶಾಸನದ ಉಪದೇಶ. ಕೊನೆಯ ಮಾತನ್ನು ಹೇಳುವಾಗ ನನ್ನ ದನಿ ಕೊಂಚ ಗಟ್ಟಿಯಾಯಿತೆಂದು ಹುಡುಗರು ನಕ್ಕರು!

ಶಾಸನದ ಕಡೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ‘ಲಿಪಿಕಾರನಿಂದ’ ಎಂಬರ್ಥದ ಪದವನ್ನು ಮಾತ್ರ ಆತನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಭಾರತದ ಲಿಪಿ. ಅಷ್ಟು ದೂರದ ವಿದ್ಯೆಯು ನಮ್ಮ ಬ್ರಹ್ಮಗಿರಿಯವರೆಗೆ ನಡೆದು ಬಂದಿದ್ದಿತು.

ಇನ್ನು ವಿಶ್ವವಿದ್ಯಾನಿಲಯದ ಸೇವೆಯನ್ನು ಹೇಳಬೇಕು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ನಿರ್ದೇಶಕರೂ ಆಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯನ್ನು ಅಗೆಸಿದರು. 1940ರ ದಶಕದ ಮೊದಲ ವರ್ಷಗಳಲ್ಲಿ ಬ್ರಹ್ಮಗಿರಿಯಲ್ಲಿಯೂ ಉತ್ಖನನವನ್ನು ನಡೆಯಿಸಿದರು. ಇಲಾಖೆಯ ವಾರ್ಷಿಕ ವರದಿಗಳು ವಿಶ್ವವಿದ್ಯಾನಿಲಯದ ಹೆಸರಿನಲ್ಲಿಯೇ ಪ್ರಕಟವಾಗುತ್ತಿದ್ದುವು. ಅದೇ ವಿಶ್ವವಿದ್ಯಾನಿಲಯದ ಎಸ್. ಶ್ರೀಕಂಠಶಾಸ್ತ್ರಿಗಳು ಕರ್ಣಾಟಕ ಇತಿಹಾಸದ ಆಕರಗಳನ್ನು ಸಂಗ್ರಹಿಸಿ 1940ರಲ್ಲಿ ಗ್ರಂಥರೂಪಕ್ಕೆ ತಂದರು.

1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯನ್ನು ಮತ್ತೆ ಅಗೆಸಿ, ನೆಲದ ಪದರಗಳಲ್ಲಿ ಮೂರು ಸಂಸ್ಕೃತಿಗಳನ್ನು ಗುರುತಿಸಿದರು: ಕೆಳಗೆ ನಯಗೊಳಿಸಿದ ಕಲ್ಲುಗೊಡಲಿಯ ಜನ, ನಡುವೆ ಕಬ್ಬಿಣವನ್ನು ಬಲ್ಲ ಬೃಹಚ್ಛಿಲಾ ಸಮಾಧಿಗಳ ಜನ, ಮೇಲೆ ಆಂಧ್ರರ ಕಾಲದ ಜನ. ಕಲ್ಲುಗೊಡಲಿಯ ಕಾಲದವರು ತೀರಿಕೊಂಡ ಹಸುಗೂಸುಗಳನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದರು. ಲೋಹದ ಉಪಯೋಗವನ್ನು ಸರಿಯಾಗಿ ಅರಿಯದಿದ್ದ ಆ ತಾಯಂದಿರ ದುಃಖವು ನಮ್ಮ ತಾಯಂದಿರ ದುಃಖಕ್ಕಿಂತ ಬೇರೆಯೆ?

ವೀಲರರು ಕಲ್ಲುಗೊಡಲಿಯ ಕಾಲವನ್ನು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದ ಆದಿಯಿಂದ ಎಣಿಸಿದ್ದರು. ಆಮೇಲೆ ದಕ್ಷಿಣದ ಇತರ ನೆಲೆಗಳ ಇದ್ದಿಲನ್ನು ವಿಜ್ಞಾನಿಗಳು ಪರೀಕ್ಷಿಸಲಾಗಿ, ಆ ಸಂಸ್ಕೃತಿಯ ಆರಂಭವು ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಇದರಿಂದ ವೀಲರರ ಕೀರ್ತಿಗೆ ಕುಂದಿಲ್ಲ. ಕಂಡುದನ್ನು ಕಂಡಂತೆ ಬರೆದು ಪ್ರಕಟಿಸಿದ್ದರಿಂದಲೇ ಮುಂದಿನವರು ತಪ್ಪನ್ನು ತಿದ್ದುವುದು ಸಾಧ್ಯವಾಯಿತು. ಪ್ರಕಟಣೆಯ ಪ್ರಯೋಜನವೇ ಇದು.

ಆದರೆ ಒಂದು ಕೊರತೆಯುಂಟು. ಈ ವರದಿಗಳಲ್ಲಿ ಬಹುಭಾಗವು ಇಂಗ್ಲಿಷಿನಲ್ಲಿವೆ. ನೆಲವು ನಮ್ಮದು, ಅಗೆದ ಕೈಗಳು ನಮ್ಮವು, ಓದು ಮಾತ್ರ ಪರರದು! ಹಳ್ಳಿಗಳಲ್ಲಿ ‘ಪಾಂಡವರ ಮನೆ’, ‘ಮೋರ್ಯರ ಮನೆ’ ಎಂದು ಕರೆಯುವ ಕಲ್ಲುಸಮಾಧಿಗಳನ್ನು ನಿಧಿಯ ಆಸೆಯಿಂದ ಒಡೆಯುವವರು ಇಂದಿಗೂ ಇದ್ದಾರೆ. ಸಮಾಧಿಯಲ್ಲಿ ಸಿಕ್ಕುವುದು ಮಡಕೆ, ಮೂಳೆ, ತುಕ್ಕುಹಿಡಿದ ಕಬ್ಬಿಣ. ಹೊನ್ನನ್ನು ಹುಡುಕುವವನಿಗೆ ಅವು ಕಸ. ಇತಿಹಾಸಕಾರನಿಗೆ ಅವೇ ನಿಧಿ. ಒಮ್ಮೆ ಕೆದಕಿದ ಪದರವನ್ನು ಮರಳಿ ಜೋಡಿಸಲು ಬ್ರಹ್ಮನಿಂದಲೂ ಆಗದು.

ಗೃಹಸ್ಥರು ಮಾಡಬೇಕಾದುದು ಹೆಚ್ಚೇನೂ ಇಲ್ಲ. ಹೊಲದ ಬದುವಿನಲ್ಲಿ ಅಕ್ಷರದ ಕಲ್ಲು ಕಂಡರೆ ಅದನ್ನು ತಳಪಾಯಕ್ಕೆ ಹಾಕದೆ, ಸುಣ್ಣ ಬಳಿಯದೆ, ಬಲ್ಲವರಿಗೆ ತಿಳಿಸಿರಿ. ರಜೆಯಲ್ಲಿ ಮಕ್ಕಳನ್ನು ಒಮ್ಮೆ ಬ್ರಹ್ಮಗಿರಿಗೆ ಕರೆದೊಯ್ಯಿರಿ. ಸಂಶೋಧಕರೂ ತಾವು ಕಂಡುದನ್ನು ತಿಳಿಗನ್ನಡದಲ್ಲಿ ಬರೆದು ಕೊಟ್ಟರೆ, ಆ ಕುರಿಕಾಯುವವರ ಮನೆಯ ಹುಡುಗನಂತಹವರ ಪ್ರಶ್ನೆಗೆ ಉತ್ತರವು ಮನೆಯಲ್ಲಿಯೇ ದೊರೆಯುವುದು. ಚಪಡನು ತನ್ನ ಕೆಲಸವನ್ನು ಮುಗಿಸಿ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಾದುವು. ಅದನ್ನು ಓದಿಸುವ ಕೆಲಸವು ನಮಗೆ ಉಳಿದಿದೆ.